ಕಾಳು ಒಣಗಿಸುವಾಗ ತೇವಾಂಶ ಅಳೆದರೆ ಇಂಧನ ಉಳಿಯುತ್ತದೆಯೇ?

ಪ್ರಶ್ನೆ: ಡ್ರೈಯರ್‌ನಲ್ಲಿ ಮೆಕ್ಕೆಜೋಳ ಒಣಗಿಸುವಾಗ ಕೊನೆಯಲ್ಲಿ ಒಮ್ಮೆ ತೇವಾಂಶ ನೋಡಿದರೆ ಸಾಲದೇ? ನಡುನಡುವೆ ಅಳೆಯುವುದರಿಂದ ಇಂಧನ ನಿಜವಾಗಿಯೂ ಉಳಿಯುತ್ತದೆಯೇ?

ಉತ್ತರ: ಖಂಡಿತ ಉಳಿಯುತ್ತದೆ. ಅಳೆಯದೆ ಒಣಗಿಸುವವರು, ಕಾಳು ಹಸಿಯಾಗಿಯೇ ಉಳಿದು ಬೂಷ್ಟು ಹಿಡಿದೀತೆಂಬ ಭಯದಿಂದ, ಬರ್ನರನ್ನು ಇನ್ನೂ ಒಂದೆರಡು ಗಂಟೆ ಉರಿಸಿಬಿಡುತ್ತಾರೆ. ಭಯವೇನೋ ಸಕಾರಣವೇ, ಆದರೆ ಇಂಧನ ವ್ಯರ್ಥವಾಗುವುದು ಆ ಹೆಚ್ಚುವರಿ ಗಂಟೆಗಳಲ್ಲಿಯೇ.

ಲೆಕ್ಕ ಹಾಕಿ ನೋಡೋಣ. ಶೇ. 20ರಷ್ಟು ತೇವಾಂಶವಿರುವ 1,000 ಕಿಲೋ ಕಾಳಿನಲ್ಲಿ 200 ಕಿಲೋ ನೀರು, 800 ಕಿಲೋ ಒಣಪದಾರ್ಥ ಇರುತ್ತದೆ. ತೇವಾಂಶವನ್ನು ಶೇ. 14ಕ್ಕೆ ಇಳಿಸಿದಾಗ ತೂಕ ಸುಮಾರು 930 ಕಿಲೋ ಆಗುತ್ತದೆ, ಅಂದರೆ 70 ಕಿಲೋ ನೀರು ಆವಿಯಾಗಿರುತ್ತದೆ. ಶೇ. 12ರವರೆಗೆ ಒಣಗಿಸಿದರೆ ತೂಕ 909 ಕಿಲೋಗೆ ಇಳಿದು, ಹೋದ ನೀರು 91 ಕಿಲೋ ಆಗುತ್ತದೆ. ಬೇಗನೆ ಮಾರಲಿರುವ ಕಾಳಿಗೆ ಶೇ. 14 ಸಾಕಾಗಿದ್ದರೆ, ನಾವು ಸುಮಾರು ಶೇ. 30ರಷ್ಟು ಹೆಚ್ಚು ನೀರನ್ನು ಸುಮ್ಮನೆ ಆವಿ ಮಾಡಿದ್ದಲ್ಲದೆ 21 ಕಿಲೋ ತೂಕವನ್ನೂ ಕಳೆದುಕೊಂಡಂತಾಯಿತು. ಒಂದು ಕಿಲೋ ನೀರು ಆವಿಯಾಗಲು ಕನಿಷ್ಠ 2.4 ಮೆಗಾಜೂಲ್‌ನಷ್ಟು ಶಾಖ ಬೇಕು. ಡ್ರೈಯರ್‌ಗಳಲ್ಲಿ ಬಿಸಿಗಾಳಿಯೊಂದಿಗೆ ಶಾಖವೂ ಹೊರಹೋಗುವುದರಿಂದ ವಾಸ್ತವದ ಖರ್ಚು ಇನ್ನೂ ಹೆಚ್ಚು. ಅದರಲ್ಲೂ ಕೊನೆಯ ಹಂತ ದುಬಾರಿ, ಏಕೆಂದರೆ ಹೊರಮೈಯ ನೀರು ಸುಲಭವಾಗಿ ಹೋದರೂ, ಕಾಳಿನ ಒಳಗೆ ಪಿಷ್ಟಕ್ಕೆ ಅಂಟಿಕೊಂಡ ನೀರು ನಿಧಾನವಾಗಿ ಹೊರಗೆ ಬರಬೇಕಾಗುತ್ತದೆ, ಅಷ್ಟು ಹೊತ್ತೂ ಬಿಸಿಗಾಳಿ ಹೆಚ್ಚು ತೇವವನ್ನು ಹೊರದೆಯೇ ಹಾದುಹೋಗುತ್ತದೆ.

ಅಳತೆಯಲ್ಲಿಯೇ ತಪ್ಪಾಗುವುದೂ ಉಂಟು, ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಡ್ರೈಯರ್‌ನಿಂದ ಆಗತಾನೆ ತೆಗೆದ ಕಾಳಿನ ಹೊರಮೈ ಒಣಗಿದ್ದು ಒಳಗೆ ಹಸಿ ಇರುತ್ತದೆಯಾದ್ದರಿಂದ, ವಿದ್ಯುತ್ ಗುಣದ ಆಧಾರದ ಮೇಲೆ ಅಳೆಯುವ ಮಾಪಕ ನಿಜಕ್ಕಿಂತ ಕಡಿಮೆ ತೇವಾಂಶ ತೋರಿಸಬಹುದು. ಕಾಳಿನ ಬಿಸಿಯೂ ಅಂಕಿಯನ್ನು ಕೆಡಿಸುತ್ತದೆ. ಆದ್ದರಿಂದ ಮಾದರಿಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಕೆಲವು ಗಂಟೆಗಳ ನಂತರ ತಣ್ಣಗಾದ ಮೇಲೆ ಮತ್ತೊಮ್ಮೆ ಅಳೆದು, ಎರಡರ ನಡುವಿನ ಅಂತರವನ್ನು ಬರೆದಿಟ್ಟುಕೊಂಡರೆ, ಮುಂದಿನ ಬಾರಿ ಬಿಸಿ ಕಾಳಿನ ಅಂಕಿಯನ್ನೂ ಸರಿಯಾಗಿ ಓದಬಹುದು. ಕೆಳಗಿನಿಂದ ಗಾಳಿ ಊದುವ ಡ್ರೈಯರ್‌ನಲ್ಲಿ ತಳದ ಕಾಳು ಅತಿಯಾಗಿ ಒಣಗಿರುವಾಗಲೂ ಮೇಲಿನದು ಹಸಿಯಾಗಿರುವುದುಂಟು. ಬೇರೆ ಬೇರೆ ಆಳದ ಮಾದರಿಗಳನ್ನು ಪ್ರತ್ಯೇಕವಾಗಿಯೇ ಅಳೆಯಬೇಕು.

ಮಾಪಕವಿಲ್ಲದಿದ್ದರೂ ತಕ್ಕಡಿಯಿಂದ ಅಂದಾಜು ಸಿಗುತ್ತದೆ. ಆರಂಭದ ತೇವಾಂಶ ಶೇ. 20 ಎಂದು ಒಮ್ಮೆ ಗೊತ್ತಾದರೆ, 1,000 ಗ್ರಾಂ ಕಾಳನ್ನು ಜಾಳಿಗೆ ಚೀಲದಲ್ಲಿ ಹಾಕಿ ರಾಶಿಯೊಳಗೆ ಹೂತಿಟ್ಟು ಆಗಾಗ ತೂಗುತ್ತಿರಬೇಕು. ತೂಕ 930 ಗ್ರಾಂಗೆ ಇಳಿದಾಗ ಆ ಜಾಗದ ಕಾಳು ಶೇ. 14ಕ್ಕೆ ಬಂದಿರುತ್ತದೆ.

ಶೇಂಗಾದಂತಹ ಎಣ್ಣೆಕಾಳುಗಳಿಗೆ ಗುರಿ ಇನ್ನೂ ಕಡಿಮೆ ಇರಬೇಕು.

ಅಳತೆ ನಂಬಿಕೆಗೆ ತಕ್ಕದ್ದಾದ ಮೇಲೆ ಮತ್ತೊಂದು ಉಳಿತಾಯವೂ ಸಾಧ್ಯ: ಮೆಕ್ಕೆಜೋಳದ ತೇವಾಂಶ ಗುರಿಗಿಂತ ಶೇಕಡಾ ಒಂದೆರಡು ಅಂಶ ಮೇಲಿರುವಾಗಲೇ ಬೆಂಕಿ ನಿಲ್ಲಿಸಿ, ಬಿಸಿ ಕಾಳನ್ನು ಇನ್ನೊಂದು ತೊಟ್ಟಿಯಲ್ಲಿ ಕೆಲವು ಗಂಟೆ ಹಾಗೆಯೇ ಬಿಟ್ಟು, ಬಳಿಕ ಹೊರಗಿನ ಗಾಳಿಯನ್ನು ನಿಧಾನವಾಗಿ ಹಾಯಿಸಿದರೆ, ಉಳಿದ ನೀರು ಕಾಳಿನದೇ ಬಿಸಿಯಿಂದ ಆವಿಯಾಗುತ್ತದೆ. ಬಿಸಿ ಕಾಳನ್ನು ಹಾಗೆ ಬಿಟ್ಟ ತೊಟ್ಟಿಯ ಗೋಡೆಯಲ್ಲಿ ನೀರ ಹನಿಗಳು ಕಟ್ಟುವುದರಿಂದ, ಆ ಕಾಳನ್ನು ಅಲ್ಲಿಯೇ ದಾಸ್ತಾನು ಮಾಡಬಾರದು.