ಸಮುದ್ರ ಆಮ್ಲೀಯವಾದರೆ ಕಡಲಹುಲ್ಲಿಗೆ ಲಾಭವೇ?

ಪ್ರಶ್ನೆ: ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗಿ ಸಮುದ್ರದ ನೀರು ಆಮ್ಲೀಯವಾಗುತ್ತಿದೆ ಎಂದು ಓದುತ್ತೇವೆ. ಕಡಲಹುಲ್ಲು ಗಿಡವೇ ತಾನೆ? ಗಿಡಕ್ಕೆ ಆ ಅನಿಲ ಬೇಕೇ ಬೇಕು. ಹಾಗಿದ್ದ ಮೇಲೆ ಹುಲ್ಲು ಹುಲುಸಾಗಿ ಬೆಳೆದು, ಅದನ್ನು ಆಶ್ರಯಿಸಿದ ಮೀನು, ಸಿಗಡಿ, ಚಿಪ್ಪುಜೀವಿಗಳಿಗೂ ಒಳ್ಳೆಯದೇ ಆಗಬೇಕಲ್ಲವೇ?

ಉತ್ತರ: ವಾಸ್ಕೋ, ಮಡಗಾಂವ್, ಪಣಜಿಗಳಲ್ಲಿ ನೆಲೆಸಿರುವ ಕನ್ನಡಿಗರಿಂದ, ಅದರಲ್ಲೂ ಮಕ್ಕಳ ವಿಜ್ಞಾನ ಪಾಠವನ್ನು ಜೊತೆಗೆ ಕುಳಿತು ಓದುವ ತಂದೆತಾಯಿಯರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದರ ಮೊದಲರ್ಧ ಬಹುಮಟ್ಟಿಗೆ ಸರಿ. ಎರಡನೆಯ ಅರ್ಧ ಸರಿಯಲ್ಲ. ಹುಲ್ಲಿಗೆ ಲಾಭವಾಗಬಹುದು, ಅದೂ ಬೆಳಕು ಸಾಕಷ್ಟಿದ್ದರೆ ಮಾತ್ರ. ಆದರೆ ಹುಲ್ಲುಗಾವಲೆಂದರೆ ಹುಲ್ಲಷ್ಟೇ ಅಲ್ಲ. ಅದರ ಎಲೆಗಳ ಮೇಲೆ, ಬೇರುಗಳ ನಡುವೆ, ಕೆಸರಿನೊಳಗೆ ಬದುಕುವ ಜೀವಿಗಳಲ್ಲಿ ಕೆಲವು ಅದೇ ನೀರಿನಲ್ಲಿ ಸೊರಗುತ್ತವೆ.

ಮೊದಲು ನೀರಿನ ವಿಚಾರ. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಅದು ನೀರಿನೊಡನೆ ಸೇರಿ ಕಾರ್ಬೊನಿಕ್ ಆಮ್ಲವಾಗಿ, ಆ ಆಮ್ಲ ಒಡೆದು ಜಲಜನಕದ ಅಯಾನುಗಳನ್ನು ಬಿಡುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು 8.2ರ ಆಸುಪಾಸಿನಲ್ಲಿದ್ದ ಮೇಲ್ಪದರದ ಸರಾಸರಿ ಪಿಎಚ್ ಈಗ 8.1ರ ಆಸುಪಾಸಿಗೆ ಇಳಿದಿದೆ. ಸಮುದ್ರ ಇಂದಿಗೂ ಕ್ಷಾರೀಯವಾಗಿಯೇ ಇದೆ, ಅದು ಆಮ್ಲವಾಗಿಬಿಟ್ಟಿಲ್ಲ. ಆದರೆ ಪಿಎಚ್ ಅಳತೆಯಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುವುದರಿಂದ, ಈ 0.1ರ ಇಳಿಕೆಯ ಅರ್ಥ ಜಲಜನಕದ ಅಯಾನುಗಳು ಕಾಲು ಭಾಗಕ್ಕಿಂತ ಹೆಚ್ಚು ಏರಿವೆ ಎಂದು. ಹೀಗೆ ಹೆಚ್ಚಾದ ಅಯಾನುಗಳು ನೀರಿನಲ್ಲಿರುವ ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತವೆ. ಹುಲ್ಲಿಗೂ ಚಿಪ್ಪುಜೀವಿಗಳಿಗೂ ದಾರಿ ಬೇರೆಯಾಗುವುದು ಇಲ್ಲಿಯೇ, ಏಕೆಂದರೆ ಚಿಪ್ಪು ಕಟ್ಟುವ ಜೀವಿಗೆ ಬೇಕಾದದ್ದು ಆ ಕಾರ್ಬೊನೇಟ್.

ಕಡಲಹುಲ್ಲು ಪಾಚಿಯಲ್ಲ. ಬೇರು, ಕಾಂಡ, ಹೂವು, ಬೀಜ ಎಲ್ಲವೂ ಇರುವ, ನೆಲದ ಮೇಲಿನ ಪೂರ್ವಜರಿಂದ ಬಂದು ಉಪ್ಪುನೀರಿಗೆ ಒಗ್ಗಿದ ಸಸ್ಯ ಅದು. ಸಮುದ್ರದ ನೀರಿನಲ್ಲಿ ಕರಗಿರುವ ಅಜೈವಿಕ ಇಂಗಾಲದ ಸುಮಾರು ಶೇ 90ರಷ್ಟು ಬೈಕಾರ್ಬೊನೇಟ್ ರೂಪದಲ್ಲಿರುತ್ತದೆ. ಎಲೆ ಸಲೀಸಾಗಿ ಬಳಸಬಲ್ಲ ಡೈಆಕ್ಸೈಡ್ ಇರುವುದು ಶೇ 1ರ ಆಸುಪಾಸು ಮಾತ್ರ. ಬೈಕಾರ್ಬೊನೇಟಿನಿಂದ ಇಂಗಾಲವನ್ನು ಪಡೆಯುವ ಉಪಾಯ ಹಲವು ಕಡಲಹುಲ್ಲುಗಳಿಗೆ ಗೊತ್ತಿದ್ದರೂ ಅದಕ್ಕೆ ಶಕ್ತಿ ವ್ಯಯವಾಗುತ್ತದೆ. ಆದುದರಿಂದ ಡೈಆಕ್ಸೈಡ್ ಹೆಚ್ಚಾದಾಗ ದ್ಯುತಿಸಂಶ್ಲೇಷಣೆ ಚುರುಕಾಗುವುದು ಸಹಜ. ಅಮೆರಿಕದಲ್ಲಿ ಜೋಸ್ಟೆರಾ ಎಂಬ ಹುಲ್ಲಿನ ಮೇಲೆ ನಡೆದು 2007ರಲ್ಲಿ ಪ್ರಕಟವಾದ ದೀರ್ಘ ಪ್ರಯೋಗದಲ್ಲಿ, ಹೆಚ್ಚುವರಿ ಡೈಆಕ್ಸೈಡ್ ಸಿಕ್ಕ ಗಿಡಗಳು ಹೆಚ್ಚು ಹೂಬಿಟ್ಟವು, ನೆಲದಡಿಯ ಕಾಂಡವನ್ನು ದಪ್ಪವಾಗಿಸಿಕೊಂಡವು, ಹೊಸ ಚಿಗುರುಗಳನ್ನು ಹೊರಡಿಸಿದವು. ಆದರೆ ಇದೆಲ್ಲ ಕಂಡದ್ದು ಚೆನ್ನಾಗಿ ಬೆಳಕು ಬಿದ್ದ ತೊಟ್ಟಿಗಳಲ್ಲಿ ಮಾತ್ರ. ಬೆಳಕು ಕಡಿಮೆಯಿದ್ದಲ್ಲಿ ಆ ಲಾಭ ಸಿಗಲಿಲ್ಲ. ಒಲೆಯಲ್ಲಿ ಬೆಂಕಿಯಿಲ್ಲದಿದ್ದರೆ ಅಕ್ಕಿ ಎಷ್ಟಿದ್ದರೂ ಅನ್ನವಾಗುವುದಿಲ್ಲವಷ್ಟೆ.

ಪ್ರಯೋಗಾಲಯದ ಹೊರಗೆ ಇದನ್ನು ನೋಡಲು ನಿಸರ್ಗವೇ ಕೆಲವು ಜಾಗಗಳನ್ನು ಒದಗಿಸಿದೆ. ಇಟಲಿಯ ನೇಪಲ್ಸ್ ಬಳಿಯ ಇಸ್ಕಿಯಾ ದ್ವೀಪದ ಅಂಚಿನಲ್ಲಿ ಜ್ವಾಲಾಮುಖಿಯ ಇಂಗಾಲದ ಡೈಆಕ್ಸೈಡ್ ಕಡಲತಳದಿಂದ ಗುಳ್ಳೆಗುಳ್ಳೆಯಾಗಿ ಏಳುತ್ತಿರುತ್ತದೆ. ಅಲ್ಲಿನ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಗುಳ್ಳೆಗಳ ನಡುವೆಯೂ ಪೊಸಿಡೋನಿಯಾ ಹುಲ್ಲು ದಟ್ಟವಾಗಿ ನಿಂತಿತ್ತು. ಆದರೆ ಅದರ ಎಲೆಗಳ ಮೇಲೆ ಬೇರೆಡೆ ಬೆಳ್ಳಗೆ, ಗುಲಾಬಿಯಾಗಿ ಹಬ್ಬಿರುವ ಸುಣ್ಣದ ಪಾಚಿ ಅಲ್ಲಿ ಕಾಣೆಯಾಗಿತ್ತು, ಬಸವನಹುಳುಗಳ ಚಿಪ್ಪು ಕರಗಿ ಸವೆದಿತ್ತು. ಪಪುವಾ ನ್ಯೂಗಿನಿಯ ಇಂಥದೇ ತಾಣಗಳಲ್ಲಿಯೂ ಹುಲ್ಲು ಹೆಚ್ಚಿತ್ತು, ಹವಳದ ವೈವಿಧ್ಯ ಕುಗ್ಗಿತ್ತು. ಹುಲ್ಲಿನ ಹಸಿರನ್ನಷ್ಟೇ ನೋಡಿ ಬರುವವರಿಗೆ ಆ ತಾಣ ಆರೋಗ್ಯವಾಗಿಯೇ ಕಂಡೀತು ಎಂಬುದು ನನಗೆ ಬಹಳ ಆತಂಕದ ಸಂಗತಿಯಾಗಿ ತೋರುತ್ತದೆ.

ಹುಲ್ಲಿಗೂ ಎಲ್ಲವೂ ಲಾಭವೇ ಅಲ್ಲ. ಮೇಯುವ ಪ್ರಾಣಿಗಳಿಂದಲೂ ರೋಗಗಳಿಂದಲೂ ತನ್ನನ್ನು ಕಾಪಾಡಿಕೊಳ್ಳಲು ಅದು ಎಲೆಗಳಲ್ಲಿ ಫೀನಾಲಿಕ್ ಎಂಬ ಒಗರು ರಾಸಾಯನಿಕಗಳನ್ನು ಇಟ್ಟುಕೊಳ್ಳುತ್ತದೆ. ಇಟಲಿಯ ವಲ್ಕಾನೊ ದ್ವೀಪದ ಬಳಿ ಮತ್ತು ಅಮೆರಿಕದ ಚೆಸಾಪೀಕ್ ಕೊಲ್ಲಿಯ ಪ್ರದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡೈಆಕ್ಸೈಡ್ ಹೆಚ್ಚಿದಲ್ಲಿ ಈ ರಕ್ಷಕ ದ್ರವ್ಯಗಳು ಕಡಿಮೆಯಾಗಿದ್ದುದು ಕಂಡುಬಂತು. ನೆಲದ ಮೇಲಿನ ಅನೇಕ ಗಿಡಗಳಲ್ಲಿ ಡೈಆಕ್ಸೈಡ್ ಹೆಚ್ಚಿದಾಗ ಇವು ಏರುವುದರಿಂದ, ಇದು ಅನಿರೀಕ್ಷಿತವಾಗಿತ್ತು.

ಇನ್ನು ಪ್ರಾಣಿಗಳು. ಚಿಪ್ಪುಜೀವಿಗಳಲ್ಲಿ ಅತ್ಯಂತ ನಾಜೂಕಿನ ಹಂತ ಮೊಟ್ಟೆಯೊಡೆದ ಮೊದಲ ಎರಡು ಮೂರು ದಿನ. ಆಗ ಮರಿ ತನ್ನೊಳಗಿನ ಅಲ್ಪ ಆಹಾರವನ್ನೇ ಖರ್ಚು ಮಾಡಿ ಮೊದಲ ಚಿಪ್ಪನ್ನು ಕಟ್ಟಿಕೊಳ್ಳಬೇಕು. ಕಾರ್ಬೊನೇಟ್ ಕಡಿಮೆಯಿದ್ದರೆ ಚಿಪ್ಪಿಗೆ ಖರ್ಚಾಗುವ ಶಕ್ತಿ ಹೆಚ್ಚಿ, ಬೆಳೆಯಲು ಉಳಿಯುವುದು ಕಡಿಮೆಯಾಗುತ್ತದೆ. ಗೋವಾದ ಮಾರುಕಟ್ಟೆಯಲ್ಲಿ ಸಿಗುವ ತಿಸ್ರ್ಯೊ, ಶಿಣಾಣ್ಯೊ, ಸಿಂಪಿ ಎಲ್ಲವೂ ಬೆಳೆಯುವ ಮೊದಲು ಈ ಹಂತವನ್ನು ದಾಟಿ ಬಂದಿರಲೇಬೇಕು. ಮೀನುಗಳ ವಿಷಯ ಇಷ್ಟು ಸ್ಪಷ್ಟವಿಲ್ಲ. ಆಮ್ಲೀಯ ನೀರಿನಲ್ಲಿ ಮೀನಿನ ಮರಿಗಳು ದಿಕ್ಕುಗೆಟ್ಟು ಬೇಟೆಗಾರ ಮೀನುಗಳತ್ತಲೇ ಸಾಗುತ್ತವೆ ಎಂಬ ವರದಿಗಳು 2009ರ ನಂತರ ಹಲವು ಬಂದವು. 2020ರಲ್ಲಿ ಹವಳದ ದಿಬ್ಬದ ಮೀನುಗಳ ಮೇಲೆ ಆ ಪ್ರಯೋಗಗಳನ್ನು ಮತ್ತೆ ಮಾಡಿದವರಿಗೆ ಅಂಥ ಪರಿಣಾಮ ಸಿಗಲಿಲ್ಲ. ಆದುದರಿಂದ ಮೀನುಗಳ ಬುದ್ಧಿ ಕೆಡುತ್ತದೆ ಎಂದು ಪಾಠದಲ್ಲಿ ಖಚಿತವಾಗಿ ಬರೆದಿದ್ದರೆ ಅದನ್ನು ಹಾಗೆಯೇ ಒಪ್ಪಬೇಕಿಲ್ಲ.

ಹಾಗಾದರೆ ಹುಲ್ಲು ತನ್ನ ಆಶ್ರಿತರಿಗೆ ನೆರವಾಗುವುದೇ ಇಲ್ಲವೇ? ಆಗುತ್ತದೆ. ಹಗಲಿನಲ್ಲಿ ಅದು ನೀರಿನ ಡೈಆಕ್ಸೈಡನ್ನು ಹೀರುವುದರಿಂದ ಗಾವಲಿನೊಳಗಿನ ಪಿಎಚ್ ಏರುತ್ತದೆ. ರಾತ್ರಿ ಹುಲ್ಲೂ ಪ್ರಾಣಿಗಳೂ ಕೆಸರಿನ ಬ್ಯಾಕ್ಟೀರಿಯಾಗಳೂ ಉಸಿರಾಡಿ ಅದನ್ನು ಮತ್ತೆ ಇಳಿಸುತ್ತವೆ. ಅಮೆರಿಕದ ಓರೆಗಾನ್ ರಾಜ್ಯದ ನೆಟಾರ್ಟ್ಸ್ ಕೊಲ್ಲಿಯಲ್ಲಿ ಸಿಂಪಿ ಮರಿಗಳನ್ನು ಬೆಳೆಸುವವರು ಇದನ್ನು ಅನುಭವದಿಂದ ಕಲಿತರು. 2007ರಿಂದ ಕೆಲವು ವರ್ಷ ಅಲ್ಲಿ ಮರಿಗಳು ಭಾರಿ ಸಂಖ್ಯೆಯಲ್ಲಿ ಸತ್ತವು. ಆಳದಿಂದ ಮೇಲೆದ್ದ ಡೈಆಕ್ಸೈಡ್ ತುಂಬಿದ ನೀರು ಕೊಲ್ಲಿಗೆ ನುಗ್ಗುತ್ತಿದ್ದುದು ಕಾರಣವೆಂದು ತಿಳಿದ ಮೇಲೆ, ಕೊಲ್ಲಿಯ ಸಸ್ಯಗಳು ದಿನವೆಲ್ಲ ಬಿಸಿಲುಂಡು ಪಿಎಚ್ ಏರಿಸಿದ ಮಧ್ಯಾಹ್ನದ ಹೊತ್ತಿನಲ್ಲಿ ತೊಟ್ಟಿಗೆ ನೀರು ತುಂಬಿಸುವ ಪದ್ಧತಿ ಬಂತು. ಕ್ಯಾಲಿಫೋರ್ನಿಯಾ ಕರಾವಳಿಯ 7 ಹುಲ್ಲುಗಾವಲುಗಳನ್ನು 6 ವರ್ಷ ಅಳೆದು 2021ರಲ್ಲಿ ಪ್ರಕಟಿಸಿದ ಅಧ್ಯಯನ, ಗಾವಲು ಕೆಲವೊಮ್ಮೆ ಸ್ಥಳೀಯ ಆಮ್ಲೀಯತೆಯನ್ನು ಶೇ 30ರವರೆಗೆ ತಗ್ಗಿಸುತ್ತದೆಂದು ತೋರಿಸಿತು. ಈ ನೆರವು ನಿಜ, ಆದರೆ ಅದು ಎಲ್ಲ ಹೊತ್ತಿನಲ್ಲೂ ಎಲ್ಲ ಗಾವಲಿನಲ್ಲೂ ಒಂದೇ ಸಮನಲ್ಲ. ನೀರು ಎಷ್ಟು ಆಳ, ಭರತ ಇಳಿತಗಳು ಅದನ್ನು ಎಷ್ಟು ಬೇಗ ಬದಲಿಸುತ್ತವೆ, ಹುಲ್ಲು ಎಷ್ಟು ದಟ್ಟ ಎಂಬುದರ ಮೇಲೆ ಅದು ನಿಂತಿದೆ.

ಗೋವಾದಲ್ಲಿ ಕಡಲಹುಲ್ಲು ಇದೆಯೇ ಎಂದು ಕೇಳಿದರೆ, ಇದೆ. ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಲಕ್ಷದ್ವೀಪಗಳ ವಿಸ್ತಾರವಾದ ಗಾವಲುಗಳಿಗೆ ಹೋಲಿಸಿದರೆ ಬಹಳ ಕಡಿಮೆ. ಮಾಂಡವಿ ಅಳಿವೆಯಲ್ಲಿ ಹ್ಯಾಲೊಫಿಲಾ ಬೆಕ್ಕಾರಿ ಎಂಬ ಪುಟ್ಟ ಹುಲ್ಲಿನ ಬಗ್ಗೆ ದೋನಾಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಸಂಶೋಧಕರು 1981ರಲ್ಲೇ ಬರೆದಿದ್ದಾರೆ. ಇಳಿತದಲ್ಲಿ ತೆರೆದುಕೊಳ್ಳುವ ಕೆಸರಿನ ಮೇಲೆ ಇದು ಹಬ್ಬುತ್ತದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಸಾಲಿನಲ್ಲಿದೆ. ಇಲ್ಲಿ ಪಿಎಚ್ ಇಳಿಯಲು ಗಾಳಿಯ ಡೈಆಕ್ಸೈಡ್ ಒಂದೇ ಕಾರಣವಲ್ಲ. ಮಳೆಗಾಲದಲ್ಲಿ ಮಾಂಡವಿ, ಜುವಾರಿ ನದಿಗಳು ತರುವ ಸಿಹಿನೀರಿಗೆ ಆಮ್ಲವನ್ನು ತಡೆದುಕೊಳ್ಳುವ ಕ್ಷಾರಗುಣ ಕಡಿಮೆ. ಅದೇ ಋತುವಿನಲ್ಲಿ ಹೊರಗಿನ ಕಡಲಿನಲ್ಲಿ ಆಳದ ನೀರು ಗೋವಾ ಕರಾವಳಿಯತ್ತ ಮೇಲೇರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಅದರ ಕೆಳಪದರದಲ್ಲಿ ಆಮ್ಲಜನಕ ತೀರ ಕುಸಿಯುತ್ತದೆ, ಮತ್ತು ಆಮ್ಲಜನಕವನ್ನು ಮುಗಿಸಿದ ಬ್ಯಾಕ್ಟೀರಿಯಾಗಳೇ ಡೈಆಕ್ಸೈಡನ್ನು ಬಿಟ್ಟಿರುವುದರಿಂದ ಪಿಎಚ್ ಕೂಡ ತಗ್ಗಿರುತ್ತದೆ.

ಪ್ರಶ್ನೆ ಕೇಳಿದವರು ಇಲ್ಲಿ ಬೆಳಕಿನ ವಿಷಯವನ್ನು ಮತ್ತೆ ನೆನೆಯಬೇಕು. ನೀರಿನ ಮೇಲೆ ಬೀಳುವ ಬೆಳಕಿನ ಸರಾಸರಿ ಶೇ 11ರಷ್ಟಾದರೂ ಕಡಲಹುಲ್ಲಿಗೆ ತಲುಪಬೇಕು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಮಳೆಗಾಲದ ಅಳಿವೆಯ ಕೆಂಪು ನೀರಿನಲ್ಲಿ ಅಷ್ಟು ಬೆಳಕು ತಳಕ್ಕೆ ಇಳಿಯುವುದು ಕಷ್ಟ. ಹೂಳು, ಚರಂಡಿ ನೀರು, ದಡ ತುಂಬುವ ಕಾಮಗಾರಿ ಹೆಚ್ಚಿದಷ್ಟೂ ಹುಲ್ಲಿಗೆ ಡೈಆಕ್ಸೈಡಿನ ಲಾಭ ಸಿಗದೆ ಹೋಗುತ್ತದೆ, ಅದರ ಜೊತೆಗೇ ಕೆಸರಿನೊಳಗಿನ ಚಿಪ್ಪುಮರಿಗಳಿಗೆ ಹಗಲು ಹೊತ್ತು ಸಿಗುತ್ತಿದ್ದ ಸ್ವಲ್ಪ ರಕ್ಷಣೆಯೂ ಇಲ್ಲವಾಗುತ್ತದೆ.