ಬ್ರೇಕ್ ಲಿವರ್ ಮೆತ್ತಗಾಗಿದೆ, ಯಾವ ಪ್ಯಾಡ್ ಹಾಕಲಿ?

ಪ್ರಶ್ನೆ: ನನ್ನ ಮೌಂಟನ್ ಬೈಕಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಮೊದಲು ಒಂದೇ ಬೆರಳಿಗೆ ಹಿಡಿಯುತ್ತಿತ್ತು. ಈಗ ಲಿವರ್ ಹ್ಯಾಂಡಲ್ ಮುಟ್ಟುವಷ್ಟು ಒಳಗೆ ಬರುತ್ತದೆ, ಒತ್ತಿದರೆ ಮೆತ್ತಗಿದೆ. ಪ್ಯಾಡ್ ಸವೆದಿದೆ ಎಂದು ಜೊತೆಯವರು ಹೇಳುತ್ತಾರೆ. ಯಾವ ಪ್ಯಾಡ್ ಒಳ್ಳೆಯದು?

ಈಗ ಪ್ಯಾಡ್ ಕೊಳ್ಳಬೇಡಿ. ಬ್ಲೀಡ್ ಮಾಡಿಸಿ, ಅಂದರೆ ಬ್ರೇಕಿನ ಒಳಗೆ ಸೇರಿರುವ ಗಾಳಿ ತೆಗೆಸಿ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ.

ಆದರೆ ಇದೇ ಪ್ರಶ್ನೆ ಎಷ್ಟು ಸಲ ಬಂದಿದೆ ಎಂದರೆ ಎಣಿಸುವುದನ್ನೇ ಬಿಟ್ಟಿದ್ದೇನೆ. ಪ್ರತಿ ಸಲವೂ ಕೊನೆಯಲ್ಲಿ ಅದೇ ಮಾತು: "ಪ್ಯಾಡ್ ಸವೆದರೆ ಲಿವರ್ ಒಳಗೆ ಬರುತ್ತದೆ ಅಲ್ವಾ?" ಬರುವುದಿಲ್ಲ. ಇವತ್ತು ಇದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಈ ನಂಬಿಕೆ ಹುಟ್ಟಿದ್ದು ಕೇಬಲ್ ಬ್ರೇಕಿನಿಂದ. ಅಲ್ಲಿ ಅದು ನಿಜವೂ ಹೌದು. ಕೇಬಲಿನ ಉದ್ದ ಬದಲಾಗುವುದಿಲ್ಲ. ಪ್ಯಾಡ್ ಸವೆದಷ್ಟೂ ಅದು ಡಿಸ್ಕಿನಿಂದ ದೂರವಾಗುತ್ತದೆ, ಆ ದೂರವನ್ನು ಲಿವರ್ ತುಂಬಬೇಕು. ಅದಕ್ಕೇ ಕೇಬಲ್ ಬಿಗಿ ಮಾಡುವ ತಿರುಪು ಇರುವುದು. ಕೇಬಲ್ ಬ್ರೇಕಿನಲ್ಲಿ ಕಲಿತದ್ದನ್ನು ಎಲ್ಲರೂ ಹೈಡ್ರಾಲಿಕ್‌ಗೂ ಹಚ್ಚುತ್ತಾರೆ.

ಹೈಡ್ರಾಲಿಕ್‌ನಲ್ಲಿ ನಡೆಯುವುದೇ ಬೇರೆ. ಅಲ್ಲಿ ಕೇಬಲ್ ಬದಲು ಹೋಸ್ ಎಂಬ ಕೊಳವೆಯಲ್ಲಿ ತುಂಬಿದ ಆಯಿಲ್ ಲಿವರಿನ ಒತ್ತಡವನ್ನು ಪ್ಯಾಡಿನ ಕಡೆಗೆ ಮುಟ್ಟಿಸುತ್ತದೆ. ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಭಾಗ ಕ್ಯಾಲಿಪರ್; ಅದರಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ ಸುತ್ತ ಒಂದು ರಬ್ಬರ್ ಸೀಲ್ ಇರುತ್ತದೆ. ಲಿವರ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತದೆ, ಸೀಲ್ ಅದನ್ನು ಹಿಡಿದುಕೊಂಡೇ ಸ್ವಲ್ಪ ಬಾಗುತ್ತದೆ. ಲಿವರ್ ಬಿಟ್ಟಾಗ ಸೀಲ್ ನೆಟ್ಟಗಾಗಿ ಪಿಸ್ಟನ್ನನ್ನು ಅಷ್ಟೇ ಹಿಂದಕ್ಕೆ ಎಳೆಯುತ್ತದೆ. ಪ್ಯಾಡ್ ಸವೆದಾಗ ಪಿಸ್ಟನ್ ಇನ್ನಷ್ಟು ಮುಂದೆ ಹೋಗಬೇಕು. ಸೀಲ್ ಅಷ್ಟು ಬಾಗಲಾರದು, ಹಾಗಾಗಿ ಪಿಸ್ಟನ್ ಅದರೊಳಗೆ ಜಾರಿ ಹೊಸ ಜಾಗದಲ್ಲಿ ಕೂರುತ್ತದೆ. ಮುಂದಿನ ಸಲ ಅದು ಹಿಂದೆ ಬರುವುದು ಆ ಹೊಸ ಜಾಗಕ್ಕೇ. ಹಿಂದೆ ಖಾಲಿಯಾದ ಜಾಗಕ್ಕೆ ಲಿವರಿನ ಪಕ್ಕದ ಪುಟ್ಟ ಟ್ಯಾಂಕಿನಿಂದ ಆಯಿಲ್ ಇಳಿದು ಬರುತ್ತದೆ. ಪ್ಯಾಡ್ ಹೊಸದಿರಲಿ, ಅರ್ಧ ಸವೆದಿರಲಿ, ಪ್ಯಾಡಿಗೂ ಡಿಸ್ಕಿಗೂ ನಡುವಿನ ಸಂದು ಹೆಚ್ಚುಕಡಿಮೆ ಅಷ್ಟೇ. ಯಾವ ತಿರುಪನ್ನೂ ಮುಟ್ಟದೆ ಇಷ್ಟೆಲ್ಲ ತಾನಾಗಿಯೇ ಆಗುತ್ತದೆ. ಇಷ್ಟು ವರ್ಷ ಆದಮೇಲೂ ಇದನ್ನು ವಿವರಿಸುವಾಗ ನನಗೆ ಖುಷಿಯಾಗುತ್ತದೆ.

ನಂಬಿಕೆ ಬರದಿದ್ದರೆ ಲೆಕ್ಕ ಹಾಕಿ. ಲಿವರಿನ ಕಡೆ 10 ಮಿ.ಮೀ. ಅಗಲದ ಒಂದು ಪಿಸ್ಟನ್, ಕ್ಯಾಲಿಪರಿನಲ್ಲಿ 22 ಮಿ.ಮೀ. ಅಗಲದ ಎರಡು ಪಿಸ್ಟನ್ ಎಂದಿಟ್ಟುಕೊಳ್ಳಿ. ಲಿವರ್ ಕಡೆಯದು 1 ಮಿ.ಮೀ. ಸರಿದರೆ ಪ್ಯಾಡ್ ಸರಿಯುವುದು ಬರೀ 0.1 ಮಿ.ಮೀ. ಬೆರಳಿಗೆ ಅಷ್ಟು ಬಲ ಸಿಗುವುದೇ ಈ ವ್ಯತ್ಯಾಸದಿಂದ. ಈಗ ಎರಡೂ ಪ್ಯಾಡ್ 1 ಮಿ.ಮೀ. ಸವೆದವು ಅನ್ನಿ. ಅಷ್ಟನ್ನೂ ಲಿವರೇ ತುಂಬಬೇಕಿದ್ದರೆ ಅದರ ಪಿಸ್ಟನ್ 10 ಮಿ.ಮೀ. ಜಾಸ್ತಿ ಸರಿಯಬೇಕು. ಅದಕ್ಕೆ ಮೊದಲೇ ಲಿವರ್ ಹ್ಯಾಂಡಲಿಗೆ ಬಡಿದಿರುತ್ತದೆ. ಅಂದರೆ ನೀವು ಹೇಳುವುದೇ ನಿಜವಾಗಿದ್ದರೆ, ಯಾವ ಪ್ಯಾಡನ್ನೂ ಪೂರ್ತಿ ಸವೆಯುವವರೆಗೆ ಬಳಸಲು ಆಗುತ್ತಲೇ ಇರಲಿಲ್ಲ.

ಹಾಗಾದರೆ ಮೆತ್ತಗಾಗುವುದು ಯಾಕೆ? ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಂದು ಹನಿಯಷ್ಟು ಗುಳ್ಳೆ ಹೋಸಿನಲ್ಲಿ ಸೇರಿದರೂ ನೀವು ಮೊದಲು ಆ ಗುಳ್ಳೆಯನ್ನೇ ಒತ್ತುತ್ತಿರುತ್ತೀರಿ. ಆಮೇಲೆ ಪ್ಯಾಡಿನ ಸರದಿ. ಪರೀಕ್ಷೆ ಸುಲಭ. ಬೈಕ್ ನಿಲ್ಲಿಸಿಕೊಂಡು ಲಿವರನ್ನು ಐದಾರು ಸಲ ಬೇಗ ಬೇಗ ಒತ್ತಿ. ಒತ್ತುತ್ತಾ ಹೋದ ಹಾಗೆ ಗಟ್ಟಿಯಾದರೆ ಒಳಗೆ ಗಾಳಿ ಇರುವ ಸಾಧ್ಯತೆಯೇ ಜಾಸ್ತಿ. ರಿಪೇರಿಗೆಂದು ಬೈಕನ್ನು ತಲೆಕೆಳಗೆ ನಿಲ್ಲಿಸಿದ್ದಿರಾ? ಟ್ಯಾಂಕಿನಲ್ಲಿ ಸುಮ್ನೆ ಮೇಲೆ ಕೂತಿದ್ದ ಗಾಳಿ ಆಗ ಹೋಸಿನೊಳಗೆ ಹೋಗಬಹುದು.

ಒಂದು ವಿಷಯ ಒಪ್ಪುತ್ತೇನೆ. ಟ್ಯಾಂಕಿನಲ್ಲಿ ಆಯಿಲ್ ಮೊದಲೇ ಕಡಿಮೆ ಇದ್ದು, ಪ್ಯಾಡೂ ತೀರಾ ತೆಳುವಾದರೆ, ಆಯಿಲ್ ಸಾಲದೆ ಗಾಳಿ ಒಳಗೆ ಹೋಗಬಹುದು. ಆಗಲೂ ಲಿವರ್ ಮೆತ್ತಗಾಗಲು ಕಾರಣ ಗಾಳಿಯೇ. ಇನ್ನು ಕೆಲವರು ಲಿವರನ್ನು ಹೊರಗೆ ತರುವ ತಿರುಪು ತಿರುಗಿಸಿ ಸರಿಹೋಯಿತು ಎನ್ನುತ್ತಾರೆ. ಆ ತಿರುಪು ಇರುವುದು ಬೆರಳಿಗೆ ಲಿವರ್ ಎಟುಕಲಿ ಅಂತ. ಅದರಿಂದ ತೊಂದರೆ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಇಳಿಜಾರಿನಲ್ಲಿ ಇದು ಅಪಾಯ.

ಪ್ಯಾಡಿನ ತೊಂದರೆ ಬೆರಳಿಗೆ ಬೇರೆ ಥರ ತಿಳಿಯುತ್ತದೆ. ಲಿವರ್ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಬೈಕ್ ಮಾತ್ರ ನಿಲ್ಲುವುದಿಲ್ಲ. ಪ್ಯಾಡಿಗೆ ಎಣ್ಣೆ ತಾಗಿರುತ್ತದೆ, ಇಲ್ಲವೇ ಕಾದು ಮೇಲ್ಮೈ ಹೊಳಪಾಗಿರುತ್ತದೆ. ಸವೆತವನ್ನಂತೂ ಕಣ್ಣಲ್ಲೇ ನೋಡಬೇಕು. ತಗಡಿನ ಮೇಲಿನ ಪದರ 0.5 ಮಿ.ಮೀ.ಗೆ ಬಂದರೆ ಬದಲಿಸಿ ಎನ್ನುತ್ತದೆ ಬ್ರೇಕ್ ತಯಾರಿಸುವ ಶಿಮಾನೋ ಕಂಪನಿ.

ಉದ್ದ ಇಳಿಜಾರು ಇಳಿದ ಮೇಲೆ ಮಾತ್ರ ಲಿವರ್ ಮೆತ್ತಗಾಗಿ, ತಣ್ಣಗಾದ ಮೇಲೆ ಸರಿಹೋದರೆ ಒಳಗಿನ ದ್ರವ ಕುದಿದಿರಬಹುದು; ಆ ಆವಿಯೂ ಗಾಳಿಯ ಹಾಗೆ ಕುಗ್ಗುತ್ತದೆ. ಕೆಲವು ಬ್ರೇಕ್‌ಗಳಲ್ಲಿ ಆಯಿಲ್ ಬದಲು ಡಾಟ್ ಫ್ಲೂಯಿಡ್ ಎಂಬ ದ್ರವ ಇರುತ್ತದೆ, ಅದು ಗಾಳಿಯಿಂದ ನೀರು ಹೀರುತ್ತದೆ. ಅದರ ಒಂದು ದರ್ಜೆಯಾದ ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಅದಕ್ಕೇ ಅದನ್ನು ಆಗಾಗ ಬದಲಿಸಬೇಕು. ಶಿಮಾನೋ, ಮಗುರಾ ಬ್ರೇಕ್‌ಗಳಿಗೆ ಮಿನರಲ್ ಆಯಿಲ್. ಸ್ರ್ಯಾಮ್‌ನಲ್ಲಿ ಎರಡೂ ಬಗೆಯಿದೆ, ಲಿವರ್ ಮೇಲೆ ಬರೆದದ್ದನ್ನು ಓದಿ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಸೀಲ್ ಹಾಳಾಗುತ್ತದೆ.

ಇಷ್ಟು ಹೇಳಿಯೂ ನೀವು ಪ್ಯಾಡ್ ಕೊಂಡೇ ಬಿಟ್ಟಿದ್ದರೆ, ಅದನ್ನು ಪಳಗಿಸುವುದು ಹೇಗೆ ಎಂದೂ ಹೇಳಿಬಿಡುತ್ತೇನೆ. ಯಾರೂ ಇದನ್ನು ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ಹೊಸ ಪ್ಯಾಡ್ ಮೊದಲ ದಿನ ಸರಿಯಾಗಿ ಹಿಡಿಯುವುದಿಲ್ಲ. ಅದರ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಖಾಲಿ, ಸಮತಟ್ಟಾದ ಜಾಗದಲ್ಲಿ ಸ್ವಲ್ಪ ವೇಗ ಹಿಡಿಯಿರಿ. ಒಂದು ಬ್ರೇಕನ್ನು ಮಾತ್ರ ಒತ್ತಿ, ನಡಿಗೆಯ ವೇಗಕ್ಕೆ ಇಳಿಸಿ, ಬಿಟ್ಟುಬಿಡಿ. ಹೀಗೆ ಸುಮಾರು ಇಪ್ಪತ್ತು ಸಲ, ಆಮೇಲೆ ಇನ್ನೊಂದು ಬ್ರೇಕಿಗೂ ಅಷ್ಟೇ. ಪೂರ್ತಿ ನಿಲ್ಲಿಸಬೇಡಿ, ಚಕ್ರ ಲಾಕ್ ಆಗಲೂ ಬಿಡಬೇಡಿ. ಬಿಸಿ ಪ್ಯಾಡ್ ಒಂದೇ ಕಡೆ ಒತ್ತಿಕೊಂಡು ನಿಂತರೆ ಆ ಪದರ ಅಲ್ಲಿ ದಪ್ಪವಾಗುತ್ತದೆ, ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಲಿವರ್ ಬೆರಳ ಕೆಳಗೆ ಮಿಡಿಯುತ್ತದೆ.