ಪ್ಲಸ್ ಪ್ಲಸ್ ಎಂಬ ಹಂಸಪಾದ

ತಾಳೆಗರಿಯಲ್ಲಿ ಬರೆಯುತ್ತಿದ್ದವರಿಗೆ ಅಳಿಸುವ ಅನುಕೂಲ ಇರಲಿಲ್ಲ. ಕಂಟದಿಂದ ಕೊರೆದದ್ದು ಕೊರೆದದ್ದೇ. ನಡುವೆ ಒಂದು ಅಕ್ಷರವೋ ಪದವೋ ಬಿಟ್ಟುಹೋದರೆ ಆ ಜಾಗದಲ್ಲಿ ಪುಟ್ಟ ಗುರುತು ಹಾಕಿ, ಬಿಟ್ಟದ್ದನ್ನು ಸಾಲಿನ ಮೇಲೋ ಅಂಚಿನಲ್ಲೋ ಬರೆಯುತ್ತಿದ್ದರು. ಹಕ್ಕಿಯ ಹೆಜ್ಜೆಯಂತಿರುವ ಆ ಗುರುತಿಗೆ ಕನ್ನಡದಲ್ಲಿ ಹಂಸಪಾದ ಎಂದು ಹೆಸರು. ಕಾಗದದಲ್ಲಿ ಕರಡು ತಿದ್ದುವವರು ಇಂದಿಗೂ ಅದನ್ನು ಬಳಸುತ್ತಾರೆ. ಕಂಪ್ಯೂಟರಿನಲ್ಲಿ ಮಾರ್ಕ್‌ಡೌನ್ ಎಂಬ ಪದ್ಧತಿಯಲ್ಲಿ ಬರೆಯುವವರಿಗೆ ಅದೇ ಕೆಲಸ ಮಾಡಿಕೊಡುವ ಒಂದು ಗುರುತಿನ ಪರಿಚಯ ಇಲ್ಲಿದೆ: ಪದದ ಆಚೆಗೆ ಎರಡು ಪ್ಲಸ್, ಈಚೆಗೆ ಎರಡು ಪ್ಲಸ್.

++ಹೊಸದಾಗಿ ಸೇರಿದ್ದು++

ಹೀಗೆ ಬರೆದರೆ ಓದುವವರ ಪರದೆಯಲ್ಲಿ ಪ್ಲಸ್‌ಗಳು ಮಾಯವಾಗಿ, ನಡುವಿನ ಮಾತಿನ ಅಡಿಗೆ ಗೆರೆ ಬೀಳುತ್ತದೆ. ಇದಕ್ಕೆ ನಾನು 'ಸೇರಿಕೆ' ಎನ್ನುತ್ತೇನೆ. ಗ್ರಂಥಸಂಪಾದನೆಯವರ 'ಪ್ರಕ್ಷಿಪ್ತ' ಎಂಬ ಪದವೂ ಇದೆ. ಆದರೆ ಅದರಲ್ಲಿ ಮೂಲದ್ದಲ್ಲದ್ದನ್ನು ಯಾರೋ ನಡುವೆ ತುರುಕಿದ್ದಾರೆ ಎಂಬ ಆಕ್ಷೇಪದ ನೆರಳಿದೆ. ಇಲ್ಲಿ ಸೇರಿಸಿದವರೇ ಸೇರಿಸಿದ್ದೇವೆಂದು ತೋರಿಸಿಕೊಡುತ್ತಾರೆ.

ಮಾರ್ಕ್‌ಡೌನ್ ಅಂದರೆ ಸಾದಾ ಅಕ್ಷರಗಳ ನಡುವೆ ಕೆಲವು ಚಿಹ್ನೆ ಹಾಕಿ ಬರೆಯುವ ಪದ್ಧತಿ. 2004ರಲ್ಲಿ ಜಾನ್ ಗ್ರೂಬರ್ ಇದನ್ನು ಹೊರತಂದರು. ನಕ್ಷತ್ರ ಹಾಕಿದರೆ ಒತ್ತು, ಹ್ಯಾಶ್ ಹಾಕಿದರೆ ಶೀರ್ಷಿಕೆ. ಸೇರಿಕೆಗೆ ಮಾತ್ರ ಅದರಲ್ಲಿ ಚಿಹ್ನೆ ಇರಲಿಲ್ಲ. ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್‌ನಲ್ಲಾದರೆ 1997ರ ನಾಲ್ಕನೆಯ ಆವೃತ್ತಿಯಿಂದಲೇ ಸೇರಿಸಿದ್ದಕ್ಕೆ 'ಇನ್ಸ್', ತೆಗೆದದ್ದಕ್ಕೆ 'ಡೆಲ್' ಎಂಬ ಟ್ಯಾಗ್‌ಗಳು, ಅಂದರೆ ಮಾತಿನ ಆಚೀಚೆ ಹಾಕುವ ಗುರುತುಗಳು, ಇವೆ. ಮಾರ್ಕ್‌ಡೌನ್-ಇಟ್ ಎಂಬ ಜಾವಾಸ್ಕ್ರಿಪ್ಟ್ ಸಾಧನ ಮಾರ್ಕ್‌ಡೌನ್ ಬರಹವನ್ನು ಎಚ್‌ಟಿಎಂಎಲ್‌ಗೆ ತಿರುಗಿಸುತ್ತದೆ. ಆಚೀಚೆ ಎರಡೆರಡು ಅಲೆಗೆರೆ ಹಾಕಿದ ಮಾತಿಗೆ ಅಡ್ಡಗೆರೆ ಎಳೆಯುವುದನ್ನು ತಾನಾಗಿಯೇ ಬಲ್ಲದು. ಎರಡು ಪ್ಲಸ್ಸನ್ನು ಅರ್ಥಮಾಡಿಕೊಳ್ಳಬೇಕಾದರೆ 'ಮಾರ್ಕ್‌ಡೌನ್-ಇಟ್-ಇನ್ಸ್' ಎಂಬ ಪ್ಲಗಿನ್, ಅಂದರೆ ಸಾಧನಕ್ಕೆ ಜೋಡಿಸುವ ಹೆಚ್ಚುವರಿ ತುಣುಕು, ಬೇಕು. ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ತುಣುಕುಗಳ ಭಂಡಾರದ ಮೂಲಕ ಅದನ್ನು ತಂದು, ಪ್ರೋಗ್ರಾಮಿನಲ್ಲಿ 'ಯೂಸ್' ಎಂದು ಒಂದು ಸಾಲು ಸೇರಿಸಿದರೆ ಆಯಿತು. ಟ್ಯಾಗನ್ನೇ ನೇರ ಬರೆದರಾಗದೇ ಎಂದು ಕೇಳಬಹುದು. ಸುರಕ್ಷತೆಗಾಗಿ ಮಾರ್ಕ್‌ಡೌನ್-ಇಟ್ ಬರಹದೊಳಗಿನ ಎಚ್‌ಟಿಎಂಎಲ್ ಅನ್ನು, ನಾವು ಬೇರೆ ಹೇಳದ ಹೊರತು, ಬರೀ ಅಕ್ಷರವೆಂದೇ ತೋರಿಸುತ್ತದೆ.

ನನಗೆ ಇದು ಬೇಕಾದದ್ದು ಸುತ್ತೋಲೆಗಳಿಂದ. ನಾನು ಬದಿಯಡ್ಕ ಕಡೆಯವನು. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ಅಂದಿನಿಂದ ಇಲ್ಲಿನ ಕನ್ನಡಿಗರ ದಿನನಿತ್ಯದಲ್ಲಿ ಅನುವಾದಕ್ಕೆ ದೊಡ್ಡ ಪಾಲು. ಮಲಯಾಳದಲ್ಲಿ ಬಂದ ಸೂಚನೆಯನ್ನು ಊರಿನ ಹಿರಿಯರಿಗೆ, ಕನ್ನಡ ಮಾಧ್ಯಮದ ಮಕ್ಕಳ ಮನೆಯವರಿಗೆ ಕನ್ನಡ ಮಾಡಿಕೊಡುವ ಕೆಲಸವನ್ನು ನಾವು ಕೆಲವರು ಹಂಚಿಕೊಂಡಿದ್ದೇವೆ. ಕಷ್ಟ ಬರುವುದು ಮೊದಲ ಅನುವಾದದಲ್ಲಲ್ಲ, ತಿದ್ದುಪಡಿ ಬಂದಾಗ. ಒಮ್ಮೆ ಎರಡು ಪುಟದ ಸೂಚನೆಯೊಂದು ಬದಲಾಗಿ ಬಂತು. ಎಲ್ಲಿ ಬದಲಾಗಿದೆ ಎಂಬ ಸುಳಿವು ಅದರಲ್ಲಿ ಇರಲಿಲ್ಲ. ನಾನೂ ಹಾಗೆಯೇ ಕನ್ನಡ ಮಾಡಿ ಕೊಟ್ಟೆ. ನೆರೆಮನೆಯ ಅಜ್ಜ ಎರಡೂ ಪ್ರತಿಯನ್ನು ಜಗಲಿಯಲ್ಲಿ ಅಕ್ಕಪಕ್ಕ ಹಾಸಿ, ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿದರು. "ಓದಿದ್ದನ್ನೇ ಇನ್ನೊಮ್ಮೆ ಓದುವುದಾ ಮಾಷ್ಟ್ರೇ? ಹೊಸತ್ತು ಎಂತ ಉಂಟು, ಅದನ್ನು ಹೇಳಿ" ಎಂದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮುಂದಿನ ಸಲದಿಂದ ಹೀಗೆ ಬರೆಯತೊಡಗಿದೆ:

ಅರ್ಜಿಯನ್ನು ++ಪಡಿತರ ಚೀಟಿಯ ಪ್ರತಿಯೊಂದಿಗೆ++ ಮಾರ್ಚ್ ~~15~~ ++31++ರ ಒಳಗೆ ಕೊಡಬೇಕು.

ಹದಿನೈದು ಹೋಗಿ ಮೂವತ್ತೊಂದು ಬಂದಿದೆ, ಜೊತೆಗೆ ಪಡಿತರ ಚೀಟಿಯೂ ಬೇಕು. ಇಡೀ ಪುಟ ಓದುವ ಅಗತ್ಯವಿಲ್ಲ.

ಅಡಿಗೆರೆಯೇ ಬೇಕಾದರೆ ಅಡಿಗೆರೆ ಎಳೆದರೆ ಸಾಕಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಡಿಗೆರೆ ಕಣ್ಣಿಗೆ ಕಾಣುವ ರೂಪ ಅಷ್ಟೆ. ಪುಸ್ತಕದ ಹೆಸರಿಗೂ, ಕೊಂಡಿಗೂ, ಒತ್ತಿ ಹೇಳುವ ಮಾತಿಗೂ ಅದನ್ನೇ ಹಾಕುತ್ತಾರೆ. ಇನ್ಸ್ ಟ್ಯಾಗ್ ಹೇಳುವುದು ಅರ್ಥವನ್ನು: ಈ ಮಾತು ಮೊದಲು ಇರಲಿಲ್ಲ, ಆಮೇಲೆ ಬಂತು. ಯಾವಾಗ ಬಂತು, ಯಾಕೆ ಬಂತು ಎಂದು ದಾಖಲಿಸಲು ಆ ಟ್ಯಾಗಿಗೆ ದಿನಾಂಕದ ಮತ್ತು ಆಧಾರದ ಕೊಂಡಿಯ ಖಾನೆಗಳೂ ಇವೆ. ಆದರೆ ಪ್ಲಸ್ ಹಾಕಿದ ಮಾತ್ರಕ್ಕೆ ಅವು ತುಂಬಿಕೊಳ್ಳುವುದಿಲ್ಲ. ದಿನಾಂಕವನ್ನು ನಾನು ಪುಟದ ತಲೆಯಲ್ಲಿ ಬೇರೆಯೇ ಬರೆಯುತ್ತೇನೆ.

ಪ್ಲಗಿನ್ ಕೆಲಸ ಮಾಡುವ ಬಗೆಯನ್ನು ತಿಳಿದುಕೊಂಡರೆ ಮುಂದಿನ ಎಡವಟ್ಟುಗಳು ತಪ್ಪುತ್ತವೆ. ಸಾಲನ್ನು ಓದುತ್ತಾ ಹೋಗುವಾಗ ಅದು ಸಿಕ್ಕಿದ ಜೋಡಿ ಪ್ಲಸ್‌ಗಳನ್ನೆಲ್ಲ ಸದ್ಯಕ್ಕೆ ಬರೀ ಅಕ್ಷರವೆಂದೇ ಎಣಿಸಿ ಪಟ್ಟಿ ಮಾಡಿಕೊಳ್ಳುತ್ತದೆ. ಪ್ರತಿಯೊಂದರ ಎದುರಿಗೆ, ಇದು ತೆರೆಯಬಲ್ಲದೇ, ಮುಚ್ಚಬಲ್ಲದೇ ಎಂದು ಗುರುತು ಹಾಕುತ್ತದೆ. ಆಮೇಲೆ ತೆರೆಯುವುದಕ್ಕೆ ಮುಚ್ಚುವುದನ್ನು ಜೋಡಿಸಿ, ಜೋಡಿ ಸಿಕ್ಕಿದ್ದನ್ನು ಟ್ಯಾಗ್ ಮಾಡುತ್ತದೆ. ಒಂಟಿಯಾದದ್ದು ಪ್ಲಸ್ಸಾಗಿಯೇ ಉಳಿಯುತ್ತದೆ. ತೆರೆಯುವುದು, ಮುಚ್ಚುವುದು ನಿರ್ಧಾರವಾಗುವುದು ಅಕ್ಕಪಕ್ಕದ ಅಕ್ಷರ ನೋಡಿ. ಬಲಕ್ಕೆ ಖಾಲಿ ಜಾಗವಿದ್ದರೆ ತೆರೆಯಲಾರದು, ಎಡಕ್ಕೆ ಖಾಲಿ ಜಾಗವಿದ್ದರೆ ಮುಚ್ಚಲಾರದು. ಹಾಗಾಗಿ ಪ್ಲಸ್‌ಗೂ ಪದಕ್ಕೂ ನಡುವೆ ಜಾಗ ಬಿಟ್ಟರೆ ಸೇರಿಕೆ ಆಗುವುದಿಲ್ಲ.

ಕನ್ನಡಕ್ಕೆ ಇಲ್ಲೊಂದು ವಿಶೇಷ ತೊಡಕು. ನಮ್ಮ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡು ಬರುತ್ತವೆ. ++ಕುಂಬಳೆ++ಯಲ್ಲಿ ಎಂದು ಬರೆದರೆ ತೊಂದರೆಯಿಲ್ಲ, ಎರಡೂ ಕಡೆ ಅಕ್ಷರವಿದ್ದರೂ ಪ್ಲಸ್ ಮುಚ್ಚುತ್ತದೆ. ಆದರೆ ++(ಕುಂಬಳೆ)++ಯಲ್ಲಿ ಎಂದು ಆವರಣವನ್ನು ಒಳಗೆ ಹಾಕಿದಿರೋ, ಕೆಲಸ ಕೆಟ್ಟಿತು. ಎರಡನೆಯ ಪ್ಲಸ್ ಜೋಡಿಯ ಎಡಕ್ಕೆ ವಿರಾಮಚಿಹ್ನೆಯ ಜಾತಿಯ ಆವರಣ, ಬಲಕ್ಕೆ ಅಕ್ಷರ. ನಿಯಮದ ಪ್ರಕಾರ ಅದು ತೆರೆಯಬಹುದು, ಮುಚ್ಚುವಂತಿಲ್ಲ. ಉದ್ಧರಣ ಚಿಹ್ನೆಗೂ ಇದೇ ಗತಿ. ಪ್ರತ್ಯಯದ ಜಾಗದಲ್ಲಿ ಬಿಡಿ ಪದ ಬಳಸುವ ಇಂಗ್ಲಿಷಿನವರಿಗೆ ಇದು ಅಪರೂಪ, ನಮಗೆ ಹೆಜ್ಜೆಹೆಜ್ಜೆಗೂ ಎದುರಾಗುವಂಥದ್ದು. ಪರಿಹಾರ ಸುಲಭ: ಆವರಣವನ್ನು ಹೊರಗಿಟ್ಟು (++ಕುಂಬಳೆ++)ಯಲ್ಲಿ ಎಂದು ಬರೆಯಿರಿ. ಇಲ್ಲವೇ ಪ್ರತ್ಯಯವನ್ನೂ ಒಳಗೆ ಸೇರಿಸಿ.

ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರೂ ಕನ್ನಡದಲ್ಲಿ ಸಿಕ್ಕು ಮಾಡುತ್ತದೆ. ಬಿಡಿಯಾಗಿ ಬರೆದರೆ ಚಿಂತೆಯಿಲ್ಲ. ಒಂದೇ ಪ್ಯಾರಾದಲ್ಲಿ "ಸಿ++ನಲ್ಲಿ" ಎಂದು ಒಮ್ಮೆ, "ಸಿ++ ಕಲಿತವರು" ಎಂದು ಇನ್ನೊಮ್ಮೆ ಬಂದರೆ ಮೊದಲನೆಯದು ತೆರೆದು, ಎರಡನೆಯದು ಮುಚ್ಚಿ, ನಡುವಿನದ್ದೆಲ್ಲ ಸೇರಿಕೆಯಾಗಿಬಿಡುತ್ತದೆ. ಅಂಥಲ್ಲಿ ಪ್ರತಿ ಪ್ಲಸ್ಸಿನ ಮುಂದೆ ಹಿಂಬಾಗುಗೆರೆ ಹಾಕಿ, ಸಿ\+\+ನಲ್ಲಿ ಎಂದು ಬರೆಯಬೇಕು.

ಅಕ್ಷರವನ್ನು ಒಡೆಯಬಾರದು ಎಂಬುದು ನಾನು ಗಟ್ಟಿಯಾಗಿ ಹೇಳುವ ಇನ್ನೊಂದು ಮಾತು. 'ಕಾಸರಗೊಡು' ಎಂದು ತಪ್ಪಿದ್ದನ್ನು ತಿದ್ದುವಾಗ ದೀರ್ಘವನ್ನಷ್ಟೇ ಪ್ಲಸ್‌ಗಳ ನಡುವೆ ಇಡಬೇಕೆನಿಸುವುದು ಸಹಜ. ಹಾಗೆ ಮಾಡಿದರೆ ಸ್ವರಚಿಹ್ನೆಗೆ ಆಸರೆಯಾದ ವ್ಯಂಜನ ತಪ್ಪಿ, ಪರದೆಯಲ್ಲಿ ಚುಕ್ಕೆಗಳ ಬಳೆಯೊಂದು ಕಾಣಿಸಿಕೊಳ್ಳಬಹುದು. ಒತ್ತಕ್ಷರವನ್ನು ಬೇರ್ಪಡಿಸಿದರೂ ರೂಪ ಕೆಡುತ್ತದೆ. ಇಡೀ ಪದವನ್ನೇ ಬದಲಿಸಿ: ~~ಕಾಸರಗೊಡು~~ ++ಕಾಸರಗೋಡು++. ಹಂಸಪಾದ ಹಾಕುತ್ತಿದ್ದವರಿಗೆ ಒಂದೊಂದು ಗುಣಿತವನ್ನೂ ಬಿಡಿಯಾಗಿ ಸೇರಿಸುವ ಸ್ವಾತಂತ್ರ್ಯವಿತ್ತು, ಪ್ಲಸ್ಸಿಗೆ ಅದಿಲ್ಲ.

ಒತ್ತಕ್ಷರದ ಮಾತು ಬಂದದ್ದರಿಂದ ಗೆರೆಯ ಬಗ್ಗೆಯೂ ಹೇಳಬೇಕು. ನಮ್ಮ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ಅಡಿಗೆರೆ ಓಡುವುದೂ ಅಲ್ಲಿಯೇ. 'ಶಾಸ್ತ್ರ', 'ಅಧ್ಯಕ್ಷ' ಮುಂತಾದ ಪದಗಳ ಕೆಳಗೆ ಗೆರೆ ತುಂಡುತುಂಡಾಗುತ್ತದೆ, ಇಲ್ಲವೇ ಒತ್ತನ್ನೇ ಸೀಳುತ್ತದೆ. ಸಣ್ಣ ಅಕ್ಷರದಲ್ಲಿ ಮುದ್ರಿಸಿದರೆ ವಯಸ್ಸಾದವರಿಗೆ ಓದಲಾಗದು. ನಾನು ಪುಟದ ರೂಪವನ್ನು ಹೇಳುವ ಸಿಎಸ್‌ಎಸ್‌ನಲ್ಲಿ ಇನ್ಸ್ ಟ್ಯಾಗಿನ ಗೆರೆ ತೆಗೆದು, ಹಿನ್ನೆಲೆಗೆ ತಿಳಿಹಸಿರು ಬಳಿಯುತ್ತೇನೆ. ಕಪ್ಪುಬಿಳುಪು ಪ್ರತಿ ಬೇಕಾದಾಗ ಗೆರೆಯನ್ನು ಅಕ್ಷರದಿಂದ ತುಸು ಕೆಳಗೆ ಸರಿಸುತ್ತೇನೆ. ಕಣ್ಣು ಕಾಣದವರು ಬಳಸುವ ಓದುಗ ತಂತ್ರಾಂಶಗಳಲ್ಲಿ ಹೆಚ್ಚಿನವು ಈ ಟ್ಯಾಗ್ ಇದೆಯೆಂದು ತಾವಾಗಿ ಉಚ್ಚರಿಸುವುದಿಲ್ಲ. ಅವರೂ ಓದುವ ಪುಟವಾದರೆ 'ಹೊಸ ಸೇರಿಕೆ' ಎಂದು ಮಾತಿನಲ್ಲೇ ಬರೆದುಬಿಡುವುದು ಒಳ್ಳೆಯದು.

ಈ ಪ್ಲಸ್ ಎಲ್ಲೆಡೆಯೂ ನಡೆಯುವ ನಾಣ್ಯವಲ್ಲ. ಪ್ರೋಗ್ರಾಮುಗಳನ್ನು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ, ವಾಟ್ಸಾಪ್‌ನಲ್ಲಿ ಅದು ಪ್ಲಸ್ಸಾಗಿಯೇ ಕಾಣುತ್ತದೆ. ಕ್ರಿಟಿಕ್‌ಮಾರ್ಕಪ್ ಎಂಬ ಇನ್ನೊಂದು ಪದ್ಧತಿಯಲ್ಲಿ ಪ್ಲಸ್‌ಗಳ ಹೊರಗೆ ಪುಷ್ಪಾವರಣವೂ ಬೇಕು. ಕಡತವನ್ನು ಬೇರೆಯವರಿಗೆ ಕಳಿಸುವ ಮೊದಲು ಅವರ ಸಾಧನ ಯಾವುದೆಂದು ಕೇಳಿಕೊಳ್ಳಿ.

ಎರಡನೆಯ ತಿದ್ದುಪಡಿ ಬಂದಾಗ ಮೊದಲನೆಯ ಸೇರಿಕೆ ಹಳತಾಗಿರುತ್ತದೆ. ಹೊಸ ಗುರುತು ಹಾಕುವ ಮುನ್ನ ಹಳೆಯ ಕಡತದ ಒಂದು ಪ್ರತಿಯನ್ನು ಎತ್ತಿಟ್ಟು, ಅಲೆಗೆರೆಯ ನಡುವಿನ ಮಾತನ್ನು ಗೆರೆಯ ಸಮೇತ ಅಳಿಸಿ, ಪ್ಲಸ್‌ಗಳನ್ನು ಮಾತ್ರ ತೆಗೆದು ಒಳಗಿನ ಮಾತನ್ನು ಉಳಿಸಿಕೊಳ್ಳುತ್ತೇನೆ. ಆಮೇಲೆ ಅದರ ಮೇಲೆ ಈ ಸಲದ ಪ್ಲಸ್ ಬೀಳುತ್ತದೆ.